ಉಪದೇಶಿ ಪರೀಕ್ಷೆಗೆ ಓದಿದ್ದು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಸರಗೋಡಿನ ಹೆಂಚಿನ ಕಾರ್ಖಾನೆ ಸೇರಿದವನು ನಾನು. ನನ್ನ ಕೈಯ ಹೆಂಚು ಸೊಟ್ಟವೆಂದು ಒಂದೂ ವಾಪಸು ಬಂದದ್ದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರು ಕರೆದು, "ಇಲ್ಲಿಯ ಆಸ್ಪತ್ರೆಯ ರೋಗಿಗಳನ್ನು ಮಾತಾಡಿಸಲಿಕ್ಕೆ ಒಬ್ಬ ಉಪದೇಶಿ ಬೇಕು. ಮಂಗಳೂರಿನಲ್ಲಿ ಪರೀಕ್ಷೆ ಉಂಟು. ನಿನ್ನಿಂದ ಆದೀತಾ?" ಎಂದರು. ಆ ಕೊನೆಯ ಮಾತು ಚುಚ್ಚಿತು. ಆದೀತು ಎಂದೆ. ಕೆಲಸ ನನಗೆ ಬೇಕೂ ಇತ್ತು. ಅಪ್ಪ ಅದೇ ಆಸ್ಪತ್ರೆಯಲ್ಲಿ, ಮಾತಾಡಿಸುವವರಿಲ್ಲದೆ, ಗೋಡೆ ನೋಡುತ್ತ ಹದಿನೈದು ದಿನ ಮಲಗಿದ್ದರು.

ಪರೀಕ್ಷೆ ಎರಡು. ಒಂದು ಸತ್ಯವೇದದ ಚರಿತ್ರೆ, ಬರೆಯುವುದು. ಇನ್ನೊಂದು, ಪರೀಕ್ಷಕರ ಎದುರೇ ರೋಗಿಯೊಬ್ಬನನ್ನು ಕಂಡು ಸಮಾಧಾನ ಹೇಳಿ ಪ್ರಾರ್ಥಿಸುವುದು. ಕಾರ್ಖಾನೆಯ ಗಂಟೆ ಹೊಡೆಯುವ ಮೊದಲು ಇಸ್ರಾಯೇಲಿನ ಅರಸರನ್ನು ಬಾಯಿಪಾಠ ಮಾಡುತ್ತಿದ್ದೆ. ಮಣ್ಣು ಮೆಟ್ಟುವಾಗ ಅರ್ಧ ಅರಸರು ಮರೆತುಹೋಗುತ್ತಿದ್ದರು. ಪ್ರಾರ್ಥನೆ ಮಾತ್ರ, ಕಣ್ಣು ಮುಚ್ಚಿದೆನೆಂದರೆ, ಕಾಲು ಗಂಟೆ ತಡೆಯಿಲ್ಲದೆ ಹರಿಯುತ್ತಿತ್ತು.

ಅಭ್ಯಾಸಕ್ಕೆ ಹೆಂಡತಿಯೇ ರೋಗಿ. ಚಾಪೆಯಲ್ಲಿ ಮಲಗಿದವಳು ಒಂದು ದಿನ ಎದ್ದೇ ಬಿಟ್ಟಳು.

"ಎಂತ ಮಾರಾಯ್ರೆ, ಜ್ವರ ಬಿಟ್ಟರೂ ನಿಮ್ಮ ಆಮೆನ್ ಬರುವುದಿಲ್ಲವಾ? ಸಾರು ಅಡಿ ಹಿಡೀತಾ ಉಂಟು!"

"ರೋಗಿಗೆ ಸಾರಿನ ಚಿಂತೆ ಎಂತದ್ದು? ಮಲಗು."

"ರೋಗಿಗೆ ಇಲ್ಲ. ಉಣ್ಣುವ ಉಪದೇಶಿಗೆ ಉಂಟು."

ಪರೀಕ್ಷೆಗೆ ವಾರವಿರುವಾಗ ನಿಜವಾದ ರೋಗಿಯನ್ನೇ ನೋಡೋಣವೆಂದು ನೆರೆಮನೆಯ ಅಜ್ಜನಲ್ಲಿಗೆ ಹೋದೆ. ಕಾರ್ಖಾನೆಯಲ್ಲಿ ಹೆಂಚು ಸುಡುವ ಒಲೆಯ ಕೆಲಸ ಮಾಡಿ ಎದೆ ಕೆಟ್ಟವರು. ಹೆಂಡತಿಯೂ ಗಂಜಿ ಹಿಡಿದು ಬಂದಳು. ಪ್ರಾರ್ಥನೆ ಅಂದು ಎಂದಿಗಿಂತ ಚೆನ್ನಾಯಿತು. ಮನೆಗೆ ವಾಪಸು ಬರುವಾಗ ಅವಳು ಗಂಜಿಯ ಪಾತ್ರೆ ಹಿಡಿದು ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು.

"ಎಂತ, ಸರಿಯಾಗಲಿಲ್ಲವಾ?"

"ನೀವು ಕಣ್ಣು ಮುಚ್ಚಿದ ಕೂಡಲೇ ಅಜ್ಜ ಎದ್ದು ಕೂತರು. ಮುಗಿಯುವವರೆಗೆ ನಡುಗ್ತಾ ಇದ್ದರು. ನಾನು ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡೆ."

ನಮ್ಮಲ್ಲಿ ಪ್ರಾರ್ಥನೆಯ ಹೊತ್ತು ಯಾರೂ ಮಲಗಿರುವುದಿಲ್ಲ. ಜೀವ ಹೋಗುತ್ತಿದ್ದರೂ ಎದ್ದು ಕೂರಲು ನೋಡುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇ? ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಮಂಗಳೂರಿನಲ್ಲಿ ಬೆಳಿಗ್ಗೆ ಚರಿತ್ರೆ ಬರೆದೆ. ಅರಸರು ಹಿಂದುಮುಂದಾದದ್ದು ಬರೆಯುವಾಗಲೇ ಗೊತ್ತಾಯಿತು. ಉಳಿದದ್ದು ಮಧ್ಯಾಹ್ನದ ರೋಗಿ ಮಾತ್ರ. ಹೊಟ್ಟೆಯ ಆಪರೇಷನ್ ಆದ ಮುದುಕರೊಬ್ಬರು. ಇಬ್ಬರು ಪರೀಕ್ಷಕರನ್ನು ಕಂಡದ್ದೇ ಮೊಣಕೈ ಊರಿದರು. ನಾನು ಭುಜ ಹಿಡಿದೆ.

"ಏಳಬೇಡಿ ಮಾವ. ಮಲಗಿದವರದ್ದೂ ದೇವರಿಗೆ ಕೇಳ್ತದೆ."

"ಅಯ್ಯನವರ ಎದುರು ಮಲಗುವುದು ಹೇಗೆ?"

"ಪರೀಕ್ಷೆ ನನಗೆ, ನಿಮಗಲ್ಲ."

ಅವರು ನಕ್ಕು, ಹೊಲಿಗೆ ಎಳೆದು, ಹೊಟ್ಟೆ ಹಿಡಿದುಕೊಂಡರು. ಆಮೇಲೆ ತಾವಾಗಿಯೇ ಮಗಳ ಬಾಣಂತನದ ಸುದ್ದಿ ತೆಗೆದರು. ಕೇಳುತ್ತ ಕೂತೆ. ಪ್ರಾರ್ಥನೆ ನಾಲ್ಕೇ ಮಾತು.

ಹೊರಗೆ ಹಿರಿಯ ಪರೀಕ್ಷಕರು, "ಇಷ್ಟೆಯಾ? ಕಣ್ಣೂ ಮುಚ್ಚಲಿಲ್ಲ!" ಎಂದರು.

"ಮುಚ್ಚಿದರೆ ಅವರು ಎದ್ದುಬಿಡ್ತಾರೆ ಅಯ್ಯಾ."

ಅವರು ಏನೋ ಬರೆದುಕೊಂಡರು.

ತಿಂಗಳ ಮೇಲೆ ಕಾಗದ ಬಂತು. ಚರಿತ್ರೆಯಲ್ಲಿ ನಪಾಸು, ಮುಂದಿನ ವರ್ಷ ಮತ್ತೆ ಬರೆಯಬೇಕು. ರೋಗಿಯ ಭೇಟಿಯಲ್ಲಿ ಪಾಸು, ಅಲ್ಲಿಯವರೆಗೆ ಆಸ್ಪತ್ರೆಗೆ ಹೋಗಬಹುದು. ನಪಾಸೆಂಬ ಮಾತು ನೋಯಿಸಲಿಲ್ಲವೆಂದರೆ ಸುಳ್ಳಾದೀತು. ಆದರೂ ಬಂದ ಭಾನುವಾರ ಒಗೆದ ಬಿಳಿ ಅಂಗಿ ತೊಟ್ಟು ಹೋದೆ. ಬಾಗಿಲ ಬಳಿಯ ಮೊದಲ ಮಂಚದವನು ನನ್ನನ್ನು ಡಾಕ್ಟರೆಂದು ತಿಳಿದು ನಾಲಿಗೆ ಚಾಚಿದ. ಸ್ಟೂಲು ಎಳೆದು ಅವನ ಪಕ್ಕ ಕೂತೆ.