ಆರು ಜನರ ಫ್ಯಾನು

ಮೇಸ್ತ್ರಿಗಳ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕರಗಿದ ಹಿತ್ತಾಳೆ ಬಿದ್ದು ಎಂದೋ ಸುಟ್ಟುಹೋಗಿತ್ತು. ಆ ಬೋಳು ಬೆರಳನ್ನೇ ಲೋಹದ ಮೇಲೆ ಮೆಲ್ಲಗೆ ಎಳೆದು, ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ಅವರು ಹೇಳಿಬಿಡುತ್ತಿದ್ದರು.

ಬಿನ್ನಿಪೇಟೆಯ ಓಣಿಯೊಂದರಲ್ಲಿ ಅವರ ಎರಕದ ಶೆಡ್ಡು. ಯಾರು ಏನು ತಂದರೂ ಮುರಿದ ಭಾಗವನ್ನು ಮೊದಲು ಮುಟ್ಟುತ್ತಿರಲಿಲ್ಲ. ಪಂಪಿನವರು ಬಂದರೆ ಬಾವಿಯ ಆಳ ಕೇಳುವರು. ಗಾಡಿಯವರು ಬಂದರೆ, ಏನು ಹೇರುತ್ತೀರಿ ಎನ್ನುವರು.

ನಾನಾಗ ರಾಜಾಜಿನಗರದ ಹೊಸ ಬ್ಲಾಕಿನಲ್ಲಿದ್ದುಕೊಂಡು, ಊರಾಚೆಯ ಜಲಾಶಯದಲ್ಲಿ ಸರ್ಕಾರಿ ಮೋಟಾರು ದೋಣಿ ನಡೆಸುತ್ತಿದ್ದೆ. ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ವಿಲಾಯಿತಿ ಎಂಜಿನ್ ಎರಡನೇ ಮಹಾಯುದ್ಧಕ್ಕೂ ಮೊದಲಿನದು. ಅದರ ಪ್ರೊಪೆಲರ್, ನೀರು ತಳ್ಳುವ ಫ್ಯಾನು, ಬಂಡೆಗೆ ಬಡಿದು ಒಂದು ರೆಕ್ಕೆ ಮುರಿಯಿತು. ಬದಲಿ ಎಲ್ಲೂ ಸಿಗಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಮೇಸ್ತ್ರಿಗಳ ಹತ್ತಿರ ಹೋದೆ.

"ಫ್ಯಾನು ಆಮೇಲೆ ನೋಡೋಣ. ದೋಣೀಲಿ ಎಷ್ಟು ಜನ ಕೂರ್ತಾರೆ, ಸ್ವಾಮಿ?"

"ಹೆಚ್ಚಾಗಿ ನಾನೊಬ್ಬನೇ. ಒಂದೊಂದ್ಸಲ ಆರು."

"ಹಂಗಾದ್ರೆ ಆರಕ್ಕೇ ಮಾಡ್ತೀನಿ."

ನನಗೆ ಬೇಕಿದ್ದುದು ವೇಗ. ರೆಕ್ಕೆಯ ತಿರುವು ಹೆಚ್ಚಿದರೆ ಪ್ರತಿ ಸುತ್ತಿಗೂ ದೋಣಿ ಹೆಚ್ಚು ದೂರ ನುಗ್ಗುತ್ತದೆಂದು ಎಲ್ಲೋ ಓದಿದ್ದೆ. ಹಾಗೆಯೇ ಮಾಡಿಕೊಡಿ ಎಂದು ಹಠ ಹಿಡಿದೆ.

"ಎಂಜಿನ್‌ಗೆ ವಯಸ್ಸಾಗಿದೆ ಕಣ್ರೀ. ಖಾಲಿ ದೋಣಿ ಓಡುತ್ತೆ. ಜನ ಕೂತ್ರೆ ಉಸಿರು ಕಟ್ಟುತ್ತೆ," ಎಂದರು. ನಾನು ಒಪ್ಪಲಿಲ್ಲ. "ಆಯ್ತು, ಮಾಡ್ಕೊಡ್ತೀನಿ. ಆದ್ರೆ ಆರು ಜನ ಕೂರೋ ದಿನ ನನ್ನೂ ಕರೀಬೇಕು."

ಒಬ್ಬನೇ ಕೂತು ಪರೀಕ್ಷಿಸಿದೆ. ದೋಣಿ ಹಾರಿದಂತೆ ಹೋಯಿತು. ಅಷ್ಟಕ್ಕೇ ತೃಪ್ತನಾದೆ.

ಮಳೆ ಹಿಡಿದು ಕೋಡಿ ಹರಿಯುತ್ತಿದ್ದ ವಾರ, ನೀರಿನ ಮಟ್ಟ ನೋಡಲು ನಾಲ್ವರು ಅಧಿಕಾರಿಗಳು ಬಂದರು. ಕೊಟ್ಟ ಮಾತಿನಂತೆ ಮೇಸ್ತ್ರಿಗಳಿಗೆ ಹೇಳಿಕಳುಹಿಸಿದ್ದೆ. ಅವರು ಗೋಣಿತಾಟಿನ ಗಂಟೊಂದನ್ನು ಹಿಡಿದು ದೋಣಿ ಹತ್ತಿದರು.

"ತಿಂಡೀನಾ, ಮೇಸ್ತ್ರಿಗಳೇ?"

"ಹೂಂ. ನಿಮ್ಮ ಎಂಜಿನ್‌ಗೆ."

ಕೋಡಿ ಇನ್ನೂ ದೂರವಿದ್ದಾಗಲೇ ಸೆಳವು ನಮ್ಮನ್ನು ಹಿಡಿಯಿತು. ದೋಣಿ ತಿರುಗಿಸಿದೆ. ಎಂಜಿನ್ ನರಳಿತೇ ಹೊರತು ವೇಗವೇರಲಿಲ್ಲ. ದಡದ ಹುಣಸೆಮರವನ್ನೇ ಗುರುತಿಟ್ಟು ನೋಡುತ್ತಿದ್ದೆ. ಮರ ಮುಂದಕ್ಕೆ ಹೋಗುತ್ತಿತ್ತು. ನಾವು ಹಿಂದಕ್ಕೆ, ಕೋಡಿಯ ಕಡೆಗೆ.

"ಎಂಜಿನ್ ನಿಲ್ಸಿ, ಮೇಲಕ್ಕೆತ್ತಿ. ಸಾಹೇಬ್ರೆ, ಹುಟ್ಟು ಹಾಕಿ, ಬಿಡಬೇಡಿ," ಎಂದರು ಮೇಸ್ತ್ರಿಗಳು. ಆಮೇಲೆ ನನಗೆ, ತಗ್ಗಿದ ದನಿಯಲ್ಲಿ: "ನನ್ನ ಸೊಂಟ ಗಟ್ಟಿಯಾಗಿ ಹಿಡ್ಕೊಳ್ಳಿ. ನನಗೆ ಈಜು ಬರಲ್ಲ."

ಗಂಟಿನಲ್ಲಿ ಇನ್ನೊಂದು ಪ್ರೊಪೆಲರ್ ಇತ್ತು, ಕಡಿಮೆ ತಿರುವಿನದು. ನನಗೆ ಹೇಳದೆ ಆರು ಜನಕ್ಕೆಂದು ಎರಕ ಹೊಯ್ದಿದ್ದರು. ಅರ್ಧ ಮೈಯನ್ನು ನೀರಿನ ಮೇಲೆ ಚಾಚಿ, ಅದನ್ನು ಬಿಗಿಯುವ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ನನ್ನ ಹಠದ ಫ್ಯಾನನ್ನು ಬಿಚ್ಚಿ ಹೊಸದನ್ನು ಕೂರಿಸಿದರು. ಪಿನ್ನಿನ ತೂತು ಕಾಣುತ್ತಿರಲಿಲ್ಲ. ಆ ಬೋಳು ಹೆಬ್ಬೆರಳು ಅದನ್ನು ಹುಡುಕಿತು. ಪಿನ್ನು ಕೂತಿತು.

"ಈಗ ಎಳೀರಿ."

ಹಗ್ಗ ಎಳೆದೆ. ಎಂಜಿನ್ ದನಿ ಬಿಚ್ಚಿತು. ದೋಣಿ ನಿಂತಿತು, ಮತ್ತೆ ನಿಧಾನವಾಗಿ, ಬಹಳ ನಿಧಾನವಾಗಿ, ಹುಣಸೆಮರದ ಕಡೆಗೆ ತೆವಳಿತು.

ದಡದಲ್ಲಿ ಅಧಿಕಾರಿಗಳಿಗೆ ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಮೇಸ್ತ್ರಿಗಳು ಅಡ್ಡ ಬಂದರು. "ಎರಡೂ ನನ್ನ ಕೈಯದೇ, ಸಾಹೇಬ್ರೆ. ಯಾವ್ದು ಸರಿ ಅಂತ ನೋಡೋಕೇ ನಾನು ಬಂದಿದ್ದು." ನನ್ನ ಕೆಲಸ ಉಳಿಯಿತು. ಅಧಿಕಾರಿಗಳು ಹೋದಮೇಲೆ ಮೇಸ್ತ್ರಿಗಳು, "ಸ್ವಲ್ಪ ಕೂತು ಸುಧಾರಿಸ್ಕೊಳ್ಳಿ," ಎಂದು ಪಕ್ಕದಲ್ಲಿ ತಾವೂ ಕೂತರು. ಅವರು ನನ್ನನ್ನು ಬೈಯಲೇ ಇಲ್ಲ.

ಎಂಟು ವರ್ಷಗಳ ಮೇಲೆ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ನಾವೆಲ್ಲ ಹೋದೆವು: ನಾನು, ನನ್ನ ತಾಯಿ, ಹೆಂಡತಿ, ಕೋಡಿಯ ಆ ದಿನದ ನಂತರ ಹುಟ್ಟಿದ ಮೂರು ಮಕ್ಕಳು. ಬಾಗಿಲಲ್ಲೇ ಅವರ ಹೆಂಡತಿ ಕೇಳಿದರು.

"ಎಲೆ ಹಾಕಿಸ್ಬೇಕು ಕಣಪ್ಪ. ಎಷ್ಟು ಜನ?"

"ಆರು," ಎಂದೆ. ಮೇಸ್ತ್ರಿಗಳು ನನ್ನನ್ನು ಮೊದಲು ಕೇಳಿದ್ದೂ ಅದನ್ನೇ.