ಐದು ಮೆಟ್ಟಿಲು, ಒಂದು ಆಯ್ತು

ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿಟಕಿಯಿಂದ ಹಸಿ ಸಿಮೆಂಟಿನ ವಾಸನೆ ಬಂತು. ನೈರೋಬಿಯ ಕಿಲೆಲೆಶ್ವಾದಲ್ಲಿ ಇದೇನೂ ವಿಶೇಷವಲ್ಲ. ನಮ್ಮ ಫ್ಲ್ಯಾಟಿನ ಮೂರು ಕಡೆ ಕಟ್ಟಡ ಏಳುತ್ತಿದೆ, ನಾಲ್ಕನೆಯ ಕಡೆ ರಸ್ತೆ ಇರುವುದರಿಂದ ಸದ್ಯಕ್ಕೆ ಬಿಟ್ಟಿದ್ದಾರೆ. ಆ ವಾಸನೆಯಲ್ಲಿ ಇಂಗು ಹಾಕಿದೆನೋ ಇಲ್ಲವೋ ತಿಳಿಯದೆ ಇನ್ನೊಂದು ಚಿಟಿಕೆ ಹಾಕಿದೆ. ನಮ್ಮ ಮನೆಯವರು ಉಂಡು, "ಇವತ್ತು ಸಾರು ಏನೋ ಚೆನ್ನಾಗಿದೆ" ಎಂದರು. ಇಷ್ಟು ವರ್ಷದ ನನ್ನ ಅಳತೆಗೆ ಸಿಕ್ಕ ಮರ್ಯಾದೆ ಇದು.

ಇರಲಿ. ಹಸಿ ಸಿಮೆಂಟು ಎಂದರೆ ನನಗೆ ನೆನಪಾಗುವುದು ವಸುಧಾಳ ಕ್ಲಿನಿಕ್ಕಿನ ಮೆಟ್ಟಿಲು, ಮತ್ತು ಆ ಮೆಟ್ಟಿಲಿನ ಜಗಳದಲ್ಲಿ ನಾನು ಭಾಷಾತಜ್ಞೆಯಾದದ್ದು. ನಗಬೇಡಿ, ಪೂರ್ತಿ ಕೇಳಿ.

ವಸುಧಾ ಮೈಸೂರಿನವಳು, ಫಿಸಿಯೋಥೆರಪಿ ಡಾಕ್ಟರು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೆಯ ಮನೆ ಹಿಡಿದು ಕ್ಲಿನಿಕ್ ಮಾಡಿಸುತ್ತಿದ್ದಳು. ಮಾಡಿಸುವ ಕೆಲಸ ವಹಿಸಿಕೊಂಡವರು ಶೇಖರಣ್ಣ, ಉಡುಪಿ ಕಡೆಯ ಕಂಟ್ರಾಕ್ಟರು. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ಗಾರೆಯವರೊಂದಿಗೆ ಸ್ವಾಹಿಲಿ, ಬೈಯುವಾಗ ಮೂರೂ. ಕೆಲಸದ ನಡುವೆ ಒಂದು ದಿನ ವಸುಧಾ ಅವರಿಗೆ ಫೋನು ಮಾಡಿ, "ಶೇಖರಣ್ಣ, ಮುಂದೆ ಮೆಟ್ಟಿಲು ಬೇಡ, ರ‍್ಯಾಂಪ್ ಮಾಡಿ" ಎಂದಳಂತೆ. ಅವರು "ಆಯ್ತು ಡಾಕ್ಟ್ರೆ" ಎಂದರಂತೆ. ಇವಳು ನಿಶ್ಚಿಂತೆಯಿಂದ ಮೈಸೂರಿಗೆ ಮದುವೆಯೊಂದಕ್ಕೆ ಹೋದಳು. ಬಂದು ನೋಡಿದರೆ ಬಾಗಿಲ ಮುಂದೆ ಐದು ಮೆಟ್ಟಿಲು. ಅದೂ ಗ್ರಾನೈಟಿನವು, ಮುಖ ಕಾಣುವಷ್ಟು ಹೊಳಪು.

"ಅಕ್ಕಾ, ನೀವೇ ಹೇಳಿ," ಎಂದು ನಮ್ಮ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು, "ಈ ಮೆಟ್ಟಿಲು ಹತ್ತೋಕಾಗೋರಿಗೆ ನನ್ನ ಹತ್ರ ಏನು ಕೆಲಸ?"

ಮಾತು ನಿಜವೇ. ಗಾಲಿಕುರ್ಚಿಯಲ್ಲಿ ಬರುವವರನ್ನು ಅವಳು ಮನೆಯ ಊಟದ ಮೇಜಿನ ಮೇಲೆ ಮಲಗಿಸಿ ಕಾಲು ಎತ್ತಿಸುತ್ತಿದ್ದಳು. ಅವರಲ್ಲಿ ಸೊಂಟದ ಮೂಳೆ ಮುರಿದುಕೊಂಡಿದ್ದ ನಮ್ಮ ಗಣಿತದ ಮೇಷ್ಟ್ರೂ ಒಬ್ಬರು. ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಮಲಗುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಕ್ಲಿನಿಕ್ಕಿನ ಬಾಗಿಲಿಗೆ ಮಾತ್ರ ಬೀಗ.

ಶೇಖರಣ್ಣನೂ ಬಂದರು. ಅದೇ ಕುರ್ಚಿ, ಅದೇ ಕಾಫಿ. "ಟೀಚರ್ರೇ, ನಾನು ಆಯ್ತು ಅಂದದ್ದು ಹೌದು. ಮೆಟ್ಟಿಲು ಆಯ್ತು, ಅಂದ್ರೆ ಮುಗಿದಿದೆ ಅಂತ. ಅದೇ ದಿನ ಬೆಳಿಗ್ಗೆ ಕಾಂಕ್ರೀಟು ಹಾಕಿ ಆಗಿತ್ತು. ನಾನು ಕಟ್ಟಿದ್ದನ್ನು ಇಷ್ಟರವರೆಗೆ ಯಾರೂ ಒಡೆದದ್ದಿಲ್ಲ. ಒಡೆಯುದಾದ್ರೆ ನನ್ನ ತಲೆ ಒಡೀಲಿಕ್ಕೆ ಹೇಳಿ."

ನೈರೋಬಿಯ ಕನ್ನಡಿಗರು ಎರಡಾದೆವು. ಹುಟ್ಟುಹಬ್ಬದ ಮನೆಗಳಲ್ಲಿ ಬೆಂಗಳೂರು-ಮೈಸೂರಿನವರು ಸೋಫಾದ ಮೇಲೆ, ಕರಾವಳಿಯವರು ಬಾಲ್ಕನಿಯಲ್ಲಿ. ಮಕ್ಕಳು ಮಾತ್ರ ಎರಡೂ ಕಡೆ ಓಡಾಡಿ ಇಂಗ್ಲಿಷಿನಲ್ಲಿ ಚಾಡಿ ಹೇಳುತ್ತಿದ್ದವು. ಕೊನೆಗೆ ಯಾರೋ ಕರಾರುಪತ್ರವನ್ನು ಓದಿದರು. ಸಹಿ ಹಾಕಿದ ಇಬ್ಬರೂ ಆವರೆಗೆ ಅದನ್ನು ಓದಿರಲಿಲ್ಲ. ಜಗಳ ಬಂದರೆ ಕೋರ್ಟಿಗೆ ಹೋಗುವ ಮೊದಲು ಇಬ್ಬರೂ ಒಪ್ಪಿದ ಮಧ್ಯಸ್ಥರ ಬಳಿ ಹೋಗಬೇಕು ಎಂದಿತ್ತು. ಶ್ರೀಮತಿ ವಂಜಿರು ಎಂಬ ನಿವೃತ್ತ ಎಂಜಿನಿಯರನ್ನು ಹಿಡಿದದ್ದಾಯಿತು. ಅವರು ಎರಡು ಕಡೆಯ ಕಥೆಯನ್ನೂ ಕೇಳಿ, "ಎಲ್ಲವೂ ಒಂದು ಪದದ ಮೇಲೆ ನಿಂತಿದೆ, ಆ ಭಾಷೆ ಬಲ್ಲವರನ್ನು ಕರೆತನ್ನಿ" ಎಂದರಂತೆ.

ಶನಿವಾರ ಮಕ್ಕಳಿಗೆ ಕನ್ನಡ ಹೇಳಿಕೊಡುವವಳು ನಾನು. "ನನ್ನ ಪರ ಬಂದು ಹೇಳ್ತೀರಲ್ವಾ ಅಕ್ಕಾ?" ಎಂದಳು ವಸುಧಾ. "ಆಯ್ತು" ಎಂದೆ. "ನೀವು ನಮ್ಮ ಕಡೆ ಅಲ್ವಾ ಟೀಚರ್ರೇ?" ಎಂದರು ಶೇಖರಣ್ಣ. "ಆಯ್ತು" ಎಂದೆ. ಮಧ್ಯಸ್ಥರನ್ನು ಬಿಟ್ಟರೆ, ತಿಂಗಳುಗಳ ನಂತರ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ನಾನು.

ಹರ್ಲಿಂಗ್‌ಹ್ಯಾಮಿನಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆ, ಅದೇ ಶ್ರೀಮತಿ ವಂಜಿರು ಅವರ ಕಚೇರಿ. ರೇಷ್ಮೆ ಸೀರೆ ಉಟ್ಟು, ಧೈರ್ಯಕ್ಕೆ ಒಂದು ನಿಘಂಟನ್ನು ಚೀಲದಲ್ಲಿ ಹೊತ್ತು ಹೋಗಿದ್ದೆ. ಕೆಳಗಿನ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾಡು, ಹಾರ್ನು. ಶ್ರೀಮತಿ ವಂಜಿರು ಕನ್ನಡಕ ಏರಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: "ಈ ಪದದ ಅರ್ಥ ಮಾಡುತ್ತೇನೆ ಎಂದೋ, ಮಾಡಿ ಮುಗಿದಿದೆ ಎಂದೋ?"

"ಹೌದು" ಎಂದೆ.

ಅವರು ಪೆನ್ನು ಕೆಳಗಿಟ್ಟರು. ನಾನು ಬೆವರುತ್ತ ವಿವರಿಸಿದೆ. ಊಟ ಆಯ್ತಾ ಎಂದರೆ ಆಯ್ತು, ಅದು ಮುಗಿದದ್ದು. ಊಟಕ್ಕೆ ಬನ್ನಿ ಎಂದರೂ ಆಯ್ತು, ಅದು ಇನ್ನು ಬರುವುದು. ಆಯ್ತು ಬಿಡಿ ಎಂದರೆ ಜಗಳ ಸಾಕು. ಆಯ್ತಲ್ಲ ಎಂದರೆ ಜಗಳ ಈಗ ಶುರು. ಆಸ್ಪತ್ರೆಯಿಂದ ಹೊರಬಂದು ಸಣ್ಣ ದನಿಯಲ್ಲಿ ಆಯ್ತು ಎಂದರೆ, ಪಾಪ, ಯಾರೋ ಹೋದರು.

ಅವರು ನಕ್ಕರು. "ನಮ್ಮ ಸ್ವಾಹಿಲಿಯ ಸವಾ ಕೂಡ ಹೀಗೆಯೇ. ಕೊಳಾಯಿ ಕೆಲಸದವನು ಸವಾ ಎಂದ ದಿನ ನಾನು ಮನೆಯೊಳಗೆ ಕೊಡೆ ಬಿಚ್ಚುತ್ತೇನೆ." ಆಮೇಲೆ ರಸ್ತೆಯ ಗಲಾಟೆಗೆ ಮುಖ ಸಿಂಡರಿಸಿ, "ಮಿಸ್ಟರ್ ಶೇಖರ್, ಆ ಕಿಟಕಿ ಸ್ವಲ್ಪ ಹಾಕುತ್ತೀರಾ?" ಎಂದರು.

"ಆಯ್ತು ಆಯ್ತು" ಎನ್ನುತ್ತ ಶೇಖರಣ್ಣ ಎದ್ದರು.

"ಅಗೋ!" ವಸುಧಾ ಕುರ್ಚಿಯಿಂದ ಹಾರಿದಳು. "ಹಾಕ್ತೀನಿ ಅಂತ ತಾನೇ ಅಂದಿದ್ದು?"

ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ ಶೇಖರಣ್ಣ ಕೆಂಪಾದರು. "ಅದು ಬೇರೆ ಆಯ್ತು ಡಾಕ್ಟ್ರೆ!"

ಅನುವಾದಿಸಲು ನಾನು ಬಾಯಿ ತೆರೆದೆ. ಶ್ರೀಮತಿ ವಂಜಿರು ಕೈಯೆತ್ತಿ, "ಬೇಡ, ಅರ್ಥವಾಯಿತು. ಇದು ಸಾಕ್ಷಿಯೇನೂ ಅಲ್ಲ, ಕೂತುಕೊಳ್ಳಿ" ಎಂದರು. ಶೇಖರಣ್ಣನತ್ತ ತಿರುಗಿ, "ಆ ದಿನ ಫೋನು ಬಂದಾಗ ನೀವು ಎಲ್ಲಿದ್ದಿರಿ?" ಎಂದು ಕೇಳಿದರು.

"ಸಿಬಿಡಿಯಲ್ಲಿ, ಪೇಟೆಯ ನಡುವೆ. ಮಟಾಟು ನಿಲ್ಲುವಲ್ಲಿ."

"ಇಷ್ಟೇ ಗದ್ದಲವಿತ್ತೆ?"

"ಇದರ ಅಪ್ಪ ಇತ್ತು."

"ಹಾಗಾದರೆ ಡಾಕ್ಟರು ಹೇಳಿದ್ದು ನಿಮಗೆ ಕೇಳಿಸಿತೆ?"

ಶೇಖರಣ್ಣ ಕಿಟಕಿ ನೋಡಿದರು, ನನ್ನನ್ನು ನೋಡಿದರು, ಕಡೆಗೆ ವಸುಧಾಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಕೇಳ್ಲಿಲ್ಲ ಡಾಕ್ಟ್ರೆ. ಮೆಟ್ಟಿಲು ಅಂತ ಒಂದು ಕೇಳಿತು. ಎರಡು ಸಲ ಏನು, ಏನು ಅಂತ ಕೇಳಿ ಆಗಿತ್ತು. ಮತ್ತೆ ಹೇಗೆ ಕೇಳುದು ಮಾರಾಯ್ರೆ? ಕಿವುಡ ಅಂತ ತಿಳೀತೀರಿ ಅಂತ ಆಯ್ತು ಅಂದೆ."

"ಮತ್ತೆ ಮುಗಿದಿದೆ ಅಂತ ಅಂದಿದ್ದು?"

"ಅದು ಆಮೇಲೆ ಹೊಳೆದದ್ದು."

ನಾನು ನಿಘಂಟಿನ ಚೀಲವನ್ನು ಕಾಲಿನಿಂದ ಕುರ್ಚಿಯಡಿಗೆ ತಳ್ಳಿದೆ. ಕೇಳಿಸಲಿಲ್ಲ, ಮತ್ತೆ ಕೇಳಲು ನಾಚಿಕೆ ಎಂಬ ಅರ್ಥ ಅದರಲ್ಲಿ ಇರಲಾರದು. ಆದರೆ ಮಿಕ್ಸಿ ತಿರುಗುವಾಗ ನಾನು ಮನೆಯವರಿಗೆ ಹೇಳಿದ ಆಯ್ತುಗಳೆಲ್ಲ ಆ ಜಾತಿಯವೇ.

ವಸುಧಾ ಕುರ್ಚಿಯನ್ನು ಅವರತ್ತ ಎಳೆದುಕೊಂಡಳು. "ಶೇಖರಣ್ಣ, ಶುರುವಿನಲ್ಲಿ ನೀವು ಮುಂದೆ ಐದು ಮೆಟ್ಟಿಲು ಬರ್ತದೆ ಅಂದಾಗ ನಾನೂ ಆಯ್ತು ಅಂದಿದ್ದೆ. ಯಾರದೋ ಮಂಡಿ ಬಗ್ಗಿಸ್ತಾ ಇದ್ದೆ. ನೀವು ಹೇಳಿದ್ದು ಕಿವಿಗೇ ಹಾಕ್ಕೊಂಡಿರ್ಲಿಲ್ಲ."

ಇದನ್ನು ನಾನು ಅನುವಾದಿಸಿದೆ. ಶ್ರೀಮತಿ ವಂಜಿರು ಒಂದೇ ಪ್ರಶ್ನೆ ಕೇಳಿದರು: "ಮನೆಯ ಪಕ್ಕದಲ್ಲಿ ಎಷ್ಟು ಜಾಗವಿದೆ?" ಯಾರಿಗೂ ಗೊತ್ತಿರಲಿಲ್ಲ. ಪದವನ್ನು ಅಳೆದಿದ್ದೆವು, ಜಾಗವನ್ನು ಅಳೆದಿರಲಿಲ್ಲ. ಮರುದಿನ ಅವರೇ ಟೇಪು ಹಿಡಿದು ಬಂದರು. ಅಷ್ಟು ಎತ್ತರಕ್ಕೆ ಗಾಲಿಕುರ್ಚಿ ಏರುವ ಇಳಿಜಾರು ಬಾಗಿಲ ಮುಂದೆ ಹಿಡಿಸುವುದೇ ಇಲ್ಲ, ಗೇಟು ದಾಟಿ ರಸ್ತೆಗೆ ಹೋಗುತ್ತದೆ ಎಂದು ತೋರಿಸಿದರು. ಮೆಟ್ಟಿಲು ಇರಲಿ. ಪಕ್ಕದ ಗೋಡೆಗುಂಟ, ಒಂದು ತಿರುವು ಕೊಟ್ಟು ಇಳಿಜಾರು ಬರಲಿ. ಕಟ್ಟಿಕೊಡುವುದು ಶೇಖರಣ್ಣ, ಜಾಗ ಬಿಡುವುದು ವಸುಧಾಳ ಕಾರು. ಇದು ತೀರ್ಪು. ಇಬ್ಬರೂ ಏನೋ ಹೇಳಲು ಹೊರಟರು. "ಆ ಪದ ಬೇಡ," ಎಂದರು ಆಕೆ, "ನಾನು ಹೇಳಿದ್ದನ್ನು ತಿರುಗಿ ಹೇಳಿ." ದೊಡ್ಡವರಿಬ್ಬರೂ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು.

ಬೀಗ ತೆಗೆದ ದಿನ ಮೊದಲು ಮೇಲೇರಿದವರು ಗಣಿತದ ಮೇಷ್ಟ್ರು. ಕುರ್ಚಿ ತಳ್ಳಿದವರು ಶೇಖರಣ್ಣ. ತಿರುವಿನಲ್ಲಿ ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. "ತಿರುವು ಚೆನ್ನಾಗಿದೆ ಶೇಖರ, ಕೆಳಗಿಂದ ಇನ್ನೊಂದು ಸಲ ತಳ್ಳು" ಎಂದರು. ಕಾರು ಕಳೆದುಕೊಂಡ ಜಾಗದಲ್ಲಿ ನಿಂತು ವಸುಧಾ ಅತ್ತಳೋ ನಕ್ಕಳೋ, ದೂರದಿಂದ ನನಗೆ ತಿಳಿಯಲಿಲ್ಲ.

ಈಗ ನನ್ನ ಮಂಡಿಯೂ ಕೈಕೊಟ್ಟಿದೆ. ಅದೇ ಇಳಿಜಾರಿನಲ್ಲಿ ನಡೆದು ಹೋಗುತ್ತೇನೆ. ಇವತ್ತು ಮಧ್ಯಾಹ್ನ ಕಾಲಿಗೆ ಮೆಷಿನ್ನು ಕಟ್ಟಿಸಿಕೊಂಡು ಮಲಗಿದ್ದೆ. ಅದು ಗುಂಯ್‌ಗುಡುತ್ತಿತ್ತು. ವಸುಧಾ ಏನೋ ಹೇಳಿದಳು. ಏನೊಂದೂ ಕೇಳಿಸಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ಕೇಳಿಸ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು" ಎಂದೆ.

ಅವಳು ಮೆಷಿನ್ನು ಆರಿಸಿದಳು. "ಭಾನುವಾರ ಶೇಖರಣ್ಣನ ಮನೆಯವ್ರೂ ನಾವೂ ಎಲ್ಲ ಸೇರಿ ಊಟ ಇಟ್ಕೊಂಡಿದೀವಿ ಅಕ್ಕಾ. ಮೂವತ್ತು ಜನ ಆಗ್ತಾರೆ. ಒಬ್ಬಟ್ಟು ಪೂರ್ತಿ ನೀವು ಮಾಡ್ತೀರಾ ಅಂದೆ."

ಮೂವತ್ತು ಜನ! ಕೇಳಿಸಿಕೊಂಡದ್ದೇ ಒಳ್ಳೆಯದಾಯಿತು ಎಂದುಕೊಂಡು ನೆಮ್ಮದಿಯಿಂದ ಕಾಲು ನೀಡಿದೆ.

"ನೋಡೋಣ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಶ್ರೀಮತಿ ವಂಜಿರು ಅವರಿಗೆ ಫೋನು ಮಾಡ್ಲಾ ಅಕ್ಕಾ?"