ಸಿಕ್ಕು ಬಿಡಿಸದ ಕೂದಲು

ಡಂಬಳದ ಮಸೀದಿ ಓಣಿಯಲ್ಲಿ ಹೆಂಗಸು ಯಾರೇ ತೀರಿಕೊಳ್ಳಲಿ, ಮೊದಲು ಕರೆ ಹೋಗುವುದು ಶಮಶಾದಬಿಗೆ. ಮಣ್ಣಿಗೆ ಒಯ್ಯುವ ಮುಂಚೆ ಹೆಣ್ಣಿನ ಮೈಗೆ ಹೆಣ್ಣೇ ನೀರು ಹಾಕಬೇಕು. ಅತ್ತೆಯಿಂದ ಬಂದ ಕೆಲಸ ಅದು. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರು, ಕೊನೆಗೆ ಕರ್ಪೂರ. ಸತ್ತವರ ತಲೆಗೆ ಬಾಚುವ ಹಣಿಗೆ ತಾಗಿಸುವುದಿಲ್ಲ. ಬೆರಳಿನಿಂದಲೇ ಸಿಕ್ಕು ಬಿಡಿಸಿ, ಕೂದಲನ್ನು ಎರಡು ಪಾಲು ಮಾಡಿ ಎದೆಯ ಮೇಲೆ ಇಡುತ್ತಾರೆ.

ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಜೋರು. ಆಕೆಯದೊಂದು ಕಟ್ಟುನಿಟ್ಟು ಇತ್ತು: ಸತ್ತದ್ದು ಮಗಳಾದರೆ ತಾಯಿ ಒಳಗೆ ಬರಕೂಡದು. ಬಂದರೆ ತಬ್ಬಿಕೊಂಡು ಕೂಡುತ್ತಾರೆ, ಕೆಲಸ ಸಾಗುವುದಿಲ್ಲ. "ನೀ ಹೊರಗ ಕುಂಡ್ರು, ನಾ ನೋಡ್ಕೋತೀನಿ" ಎಂದು ಎಷ್ಟು ತಾಯಂದಿರನ್ನು ಬಾಗಿಲಾಚೆ ಕೂಡಿಸಿದ್ದಳೋ, ಆಕೆಗೇ ನೆನಪಿಲ್ಲ.

ಒಬ್ಬಳೇ ಮಗಳು ನಿಶಾತ. ಊರಿನ ಅರ್ಧ ಹೆಂಗಸರಿಗೆ ಕುಬಸ ಹೊಲಿದುಕೊಡುವಾಕೆ. ಸೊಂಟ ದಾಟಿದ ಕೂದಲು. ದಿನಾ ಮುಂಜಾನೆ ತಾಯಿ ಅದನ್ನು ಬಾಚುತ್ತ ಬೈಯುವುದು, ಮಗಳು ಕನ್ನಡಿಯಲ್ಲಿ ಹಲ್ಲು ಕಿರಿಯುವುದು ನಡೆದೇ ಇತ್ತು. ಕತ್ತರಿಸಿ ಒಗೀತೀನಿ ನೋಡು ಎಂದು ಹೆದರಿಸುತ್ತಲೇ ಶಮಶಾದಬಿ ಇನ್ನೊಂದಿಷ್ಟು ಎಣ್ಣೆ ಸುರಿಯುತ್ತಿದ್ದಳು.

ಕೊರೋನಾ ಬಂದ ಮೊದಲ ವರ್ಷ, ರೋಗ ತಂದವರೇ ಈ ಮುಸಲ್ಮಾನರು ಎಂಬ ಮಾತು ಮೊಬೈಲಿನಲ್ಲಿ ಹಾರಿ ಬಂದು ಡಂಬಳಕ್ಕೂ ಇಳಿಯಿತು. ಓಣಿಯ ಬಾಯಿಗೆ ಜಾಲಿಮುಳ್ಳು ಬಿತ್ತು. ಹಾಲು ಕೊಡುವವನು ಮುಳ್ಳಿನಾಚೆಯೇ ನಿಂತ. ಮುದುಕ ಗೌಸಸಾಬನಿಗೆ ಎಂದಿನ ದಮ್ಮಿನ ಕೆಮ್ಮು ಬಂದದ್ದಕ್ಕೆ ಜೀಪು ಬಂದು ಮನೆಮಂದಿಯನ್ನೆಲ್ಲ ಕ್ವಾರಂಟೈನಿಗೆ ಹತ್ತಿಸಿಕೊಂಡು ಹೋಯಿತು, ಜನ ಮಾಳಿಗೆ ಏರಿ ನೋಡಿದರು. ಅಂದಿನಿಂದ ಓಣಿಯವರು ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುವುದನ್ನು ಕಲಿತರು.

ಮರುವರ್ಷ ನಿಶಾತಳಿಗೆ ಜ್ವರ ಬಂದಾಗ ಶಮಶಾದಬಿ ಮಾಡಿದ್ದೂ ಅದನ್ನೇ. ಬಾಗಿಲು ಹಾಕಿದಳು. ಕುಬಸ ಕೇಳಿ ಬಂದ ಸುಮಿತ್ರವ್ವನಿಗೆ, ಮಗಳು ಲಕ್ಷ್ಮೇಶ್ವರಕ್ಕೆ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದಳು. ಶುಂಠಿ ಕಷಾಯ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಉಸಿರು ಸಿಕ್ಕಿಕೊಳ್ಳತೊಡಗಿದಾಗಲೇ ಗಾಡಿಗೆ ಹೇಳಿಕಳಿಸಿದ್ದು. ಅವಸರದಲ್ಲೂ, ಜ್ವರದಲ್ಲಿ ಗಂಟುಗಂಟಾದ ಕೂದಲು ಕಂಡು ಹಣಿಗೆ ಹುಡುಕಿದಳು.

"ಬಂದ ಮ್ಯಾಲೆ ಬಾಚೀಯಂತ, ಅಮ್ಮಾ" ಎಂದಳು ನಿಶಾತ.

ಮುಂಡರಗಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದಿತ್ತು. ಗದಗದಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ಹುಡುಗಿಯ ತುಟಿ ನೀಲಿಯಾಗಿತ್ತು. ಅದೇ ವಾರ ಸುಮಿತ್ರವ್ವನ ಗಂಡ ದೇವೇಂದ್ರಪ್ಪನವರಿಗೂ ಅದೇ ಜ್ವರ ಬಂದಿತ್ತು. ಅವರು ಮೊದಲ ದಿನವೇ ಊರೆಲ್ಲ ಕೇಳುವಂತೆ ಕೆಮ್ಮುತ್ತ ಸ್ವಂತ ಕಾರಿನಲ್ಲಿ ಹುಬ್ಬಳ್ಳಿಗೆ ಹೋದರು. ಅಳಿಯ ಫೋನಿನಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿಟ್ಟಿದ್ದ. ಅವರು ಉಳಿದು ಬಂದರು. ಅದಕ್ಕೆ ಶಮಶಾದಬಿಗೆ ಹೊಟ್ಟೆಕಿಚ್ಚಿಲ್ಲ. ಹಾಗೆ ಬಾಗಿಲು ತೆರೆದು ಕೆಮ್ಮುವ ಧೈರ್ಯ ತನ್ನ ಮಗಳಿಗೂ ಸಿಗಬಾರದಿತ್ತೇ ಎಂದಷ್ಟೇ ಕೊರಗುತ್ತಾಳೆ.

ನಿಶಾತ ಗದಗದಲ್ಲೇ ತೀರಿಕೊಂಡಳು. ಚೀಲದಲ್ಲಿ ಕಟ್ಟಿಕೊಟ್ಟರು. ಮೈಗೆಲ್ಲ ಪ್ಲಾಸ್ಟಿಕ್ ಅಂಗಿ ಹಾಕಿದವರ ಮುಂದೆ ಆ ಜೋರು ಬಾಯಿಯ ಹೆಂಗಸು ಕೈಮುಗಿದು ನಿಂತಳು.

"ನೀರು ಹಾಕೂದು ಬ್ಯಾಡ್ರಿ. ಕೂದಲಾ ಅಷ್ಟ ಸಿಕ್ಕು ಬಿಡಸ್ತೀನ್ರಿ."

ಅವರಲ್ಲೊಬ್ಬ, ಆಗಂಗಿಲ್ಲಮ್ಮ, ನೀವು ಹೊರಗ ಕುಂಡ್ರಿ ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಶಮಶಾದಬಿ ಬೇರೆ ತಾಯಂದಿರಿಗೆ ಹೇಳುತ್ತಿದ್ದ ಹಾಗೆಯೇ ಇತ್ತು.

ಇಂಥ ಹೊತ್ತಿನಲ್ಲಿ ನೀರು ಹಾಕದಿದ್ದರೂ ದೇವರು ಒಪ್ಪುತ್ತಾನೆ ಎಂದು ಹಿರಿಯರು ತಿಳಿಸಿ ಹೇಳಿದರು. ಆಕೆ ತಲೆಯಾಡಿಸಿದಳು. ಆದರೆ ಮುಂಜಾನೆ ಎದ್ದರೆ ಬೆರಳು ಎಣ್ಣೆ ಬಾಟಲಿಯತ್ತ ಹೋಗುತ್ತವೆ. ಬಸ್ಸಿನಲ್ಲಿ ಮುಂದೆ ಕೂತ ಹುಡುಗಿಯ ಜಡೆ ಸಡಿಲಾಗಿದ್ದರೆ ಕೈ ತಾನಾಗಿ ಮೇಲೇಳುತ್ತದೆ. ಮಗಳು ಮಣ್ಣಿನಡಿ ಅದೇ ಗಂಟುಗಂಟು ತಲೆಯಲ್ಲಿ ಮಲಗಿದ್ದಾಳೆ, ನನ್ನ ದಾರಿ ನೋಡುತ್ತಿದ್ದಾಳೆ ಎಂದು ಆಕೆಗೆ ಅನ್ನಿಸುತ್ತದೆ. ಯಾರು ಏನು ಹೇಳಿದರೂ ಅದು ಹೋಗಿಲ್ಲ. ನೀರು ಹಾಕುವ ಕೆಲಸವನ್ನೂ ಬಿಟ್ಟುಬಿಟ್ಟಳು. ಕರೆಯಲು ಬಂದವರನ್ನು ಬೈದು ಕಳಿಸಿದಳು.

ಹೋದ ಚಳಿಗಾಲ ಹಿಂದಿನ ಮನೆಯ ಅಖ್ತರಿಯ ಮಗಳು ಅಮೀರಾ ಕಾಮಾಲೆಯಾಗಿ ತೀರಿಕೊಂಡಳು. ನಿಶಾತಳ ಹತ್ತಿರ ಹೊಲಿಗೆ ಕಲಿತ ಹುಡುಗಿ. ಅಖ್ತರಿ ತಾನೇ ಬಂದು ಹೊಸ್ತಿಲಲ್ಲಿ ಕೂತಳು. ಶಮಶಾದಬಿ ಅವಳನ್ನು ಬೈಯಲಾರದೆ ಹೋದಳು. ಎದ್ದು ಸೆರಗು ಸಿಕ್ಕಿಸಿಕೊಂಡು, ಬಾರಿ ಎಲೆ ತರಲು ಹೇಳಿದಳು.

ನೀರು ಕಾದಿತು, ಪರದೆ ಕಟ್ಟಿದ್ದಾಯಿತು. ಅಖ್ತರಿ ಹಳೆಯ ಪದ್ಧತಿ ಬಲ್ಲವಳು, ತಾನಾಗಿಯೇ ಬಾಗಿಲಾಚೆ ಹೋಗಿ ಗೋಡೆಗೆ ಒರಗಿದಳು. ಒಳಗೆ ಶಮಶಾದಬಿ ಹುಡುಗಿಯ ತಲೆ ಮುಟ್ಟಿದಳು. ತಿಂಗಳುಗಟ್ಟಲೆ ಮಲಗಿದವಳ ಕೂದಲು, ಬರೀ ಗಂಟು. ಬೆರಳು ಅಲ್ಲೇ ನಿಂತವು. ಕಣ್ಣು ತುಂಬಿ ಬಂದು ಏನೂ ಕಾಣದಾಯಿತು.

ಆಕೆ ಎದ್ದು ಬಾಗಿಲು ತೆಗೆದಳು.

"ಅಖ್ತರಿ, ಒಳಗ ಬಾ. ತಲಿ ನೀನ ಬಿಡಸು."

ಅಖ್ತರಿ ಬಂದು ಕೂತಳು. ಮಗಳನ್ನು ತಬ್ಬಿಕೊಂಡಳು, ಕೆಲಸ ನಿಂತಿತು. ಶಮಶಾದಬಿ ತಡೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅಖ್ತರಿಯ ಬೆರಳು ಒಂದು ಗಂಟನ್ನು ಹುಡುಕಿಕೊಂಡವು. ಹೊರಗಿನಿಂದ ಯಾರೋ ಗಂಡಸು, ಹೊತ್ತಾತು, ಜಲ್ದಿ ಮುಗಸ್ರಿ ಎಂದು ಕೂಗಿದ.

"ಹೊತ್ತಾದ್ರ ಆಗಲಿ" ಎಂದಳು ಶಮಶಾದಬಿ, ಒಳಗಿನಿಂದಲೇ, ಹಳೆಯ ಜೋರು ದನಿಯಲ್ಲಿ. "ತಾಯಿ ತಲಿ ಬಿಡಸಾಕತ್ತಾಳ."

ಆಮೇಲೆ ಆಕೆ ಚಿಲಕ ಹಾಕಿ, ಅಖ್ತರಿಯ ಪಕ್ಕ ಕೂತು ನೀರು ಹನಿಸತೊಡಗಿದಳು.